ಮೀನಾಕ್ಷಮ್ಮ ಮಿಸ್ ಮಾಡಿದ ಗೇಮ್

"ಮಿಸ್, ತೆಂಗಿನ್ಮರದ ಕೆಳಗೆ ಬುಟ್ಟಿ ಹಿಡ್ಕಂಡು ಯಾರಾದ್ರೂ ನಿಂತ್ಕತಾರಾ? ತಲೆ ಒಡ್ದೋಯ್ತೈತೆ!"

ಇಂಪನಾ ಹೀಗೆ ಹೇಳಿದ್ದೇ ತಡ, ಐದನೇ ಕ್ಲಾಸಿನವರೆಲ್ಲ ಗೊಳ್ಳೆಂದು ನಕ್ಕರು. ತಿಲಕ್ ಬೆಂಚಿನ ಮೇಲೆ ಬಿದ್ದು, "ಅಯ್ಯಯ್ಯೋ, ನನ್ ತಲೆ!" ಎಂದು ಹೊರಳಾಡಿದ.

ಲ್ಯಾಪ್‌ಟಾಪ್‌ನಲ್ಲಿ ಒಬ್ಬ ಹುಡುಗ ಬುಟ್ಟಿ ಹಿಡಿದು ಅತ್ತಿತ್ತ ಓಡುತ್ತಿದ್ದ. ಮೇಲಿನಿಂದ ಕಾಯಿ ಬೀಳುತ್ತಿತ್ತು. ಒಂದು ಕಾಯಿ ಹಿಡಿದರೆ ಹತ್ತು ಪಾಯಿಂಟ್.

ಅದು ಮೀನಾಕ್ಷಮ್ಮ ಮಿಸ್ ತಾವೇ ಮಾಡಿದ ಗೇಮ್. ಗೇಮ್ ಮಾಡಿ ಪಾಠ ಹೇಳುವುದು ಹೇಗೆಂದು ತಿಪಟೂರಿನಲ್ಲಿ ಟೀಚರುಗಳಿಗೆ ಟ್ರೇನಿಂಗ್ ನಡೆಯುತ್ತಿತ್ತು. ಅಲ್ಲಿ ತೋರಿಸಿದ ಆಟದಲ್ಲಿ ಸೇಬು ಇತ್ತಂತೆ. ಮಿಸ್ ಸೇಬು ತೆಗೆದು ತೆಂಗಿನಕಾಯಿ ಹಾಕಿದ್ದರು. ನಾಳೆ ಅದನ್ನು ನಲವತ್ತು ಜನ ಟೀಚರುಗಳ ಮುಂದೆ ತೋರಿಸಬೇಕಿತ್ತು.

ಮಿಸ್ ನಗಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ, "ಕನ್ನಡ ಪುಸ್ತಕ ತೆಗೀರಿ" ಎಂದರು.

ಆಮೇಲೆ ಇಂಪನಾಳ ಕಿವಿಗೆ ಪಾಠ ಬೀಳಲಿಲ್ಲ. ಹೋದ ತಿಂಗಳು ಅವಳು ಭಾಗಾಕಾರ ತಪ್ಪು ಮಾಡಿದಾಗ, ನಕ್ಕವರನ್ನು ಗದರಿ ಸುಮ್ಮನಾಗಿಸಿದ್ದು ಇದೇ ಮಿಸ್. ಅಂಥವರನ್ನು ತಾನೇ ನಗೆಪಾಟಲು ಮಾಡಿಬಿಟ್ಟೆನಲ್ಲ!

ಲಾಂಗ್ ಬೆಲ್ ಆಯಿತು. ಎಲ್ಲರೂ ಹೋದ ಮೇಲೆ ಅವಳು ಮೇಜಿನ ಹತ್ತಿರ ಹೋದಳು.

"ಸಾರಿ ಮಿಸ್. ಗೇಮ್ ಚೆನ್ನಾಗೈತೆ."

"ಸುಳ್ಳು ಹೇಳ್ಬೇಡ ಕಣೇ" ಎಂದರು ಮಿಸ್. "ಮೂರು ದಿನ ಕೂತು ಮಾಡಿದ್ದೆ, ಕೋಪ ಬಂತು. ಆದ್ರೆ ನೀನು ಹೇಳಿದ್ದು ಸರಿ. ನಾಳೆ ಅಲ್ಲಿ ಟೀಚರುಗಳು ನಗೋ ಬದ್ಲು ಇವತ್ತು ಇಲ್ಲೇ ನೀವು ನಕ್ರಿ, ಒಳ್ಳೇದೇ ಆಯ್ತು. ಬಾ, ಕೂತ್ಕೋ. ನಿಮ್ಮಪ್ಪ ಕಾಯಿ ಕೀಳೋರಲ್ವಾ? ಅವ್ರು ಹೆಂಗ್ ಮಾಡ್ತಾರೆ ಹೇಳು."

"ಉದ್ದದ ಬಿದಿರಿಗೆ ಕುಡ್ಲು ಕಟ್ಕಂಡು ಕೀಳ್ತಾರೆ ಮಿಸ್. ಅದ್ಕೂ ಮೊದ್ಲು 'ದೂರ ಹೋಗ್ರಪ್ಪೋ' ಅಂತ ಕೂಗ್ತಾರೆ. ಕರು ಇದ್ರೆ ಬಿಚ್ಚಿ ಆಚೆ ಕಟ್ತಾರೆ. ನಮ್ಮಜ್ಜಿಗಂತೂ ಕಿವೀನೇ ಕೇಳಲ್ಲ. ಕೈ ಹಿಡ್ದು ಎಳ್ಕಂಡ್ ಬರ್ಬೇಕು!"

ಮಿಸ್ ಮುಖ ಅರಳಿತು. "ಹಂಗಾದ್ರೆ ಅಜ್ಜೀನ ಆಚೆ ಕರ್ಕಂಡ್ ಹೋದ್ರೆ ಹತ್ತು ಪಾಯಿಂಟ್!"

"ಕರುಗೆ ಐದು."

"ಯಾಕೆ? ಕರುದು ಜೀವ ಅಲ್ವಾ?"

"ಸರಿ ಬುಡಿ ಮಿಸ್, ಅದ್ಕೂ ಹತ್ತು."

ಮಿಸ್ ಲ್ಯಾಪ್‌ಟಾಪ್ ತೆರೆದು ಆಟಕ್ಕೆ ಅಜ್ಜಿಯನ್ನೂ ಕರುವನ್ನೂ ಸೇರಿಸಿದರು. ಮೊದಲ ಸಲ ಆಡಿದಾಗ ಕರು ನೆಟ್ಟಗೆ ಮರ ಹತ್ತಿ ಆಕಾಶಕ್ಕೆ ಹೋಯಿತು. ಇಬ್ಬರಿಗೂ ನಕ್ಕು ನಕ್ಕು ಕಣ್ಣಲ್ಲಿ ನೀರು.

"ಯಾಕ್ ಮಿಸ್ ಹಿಂಗೆ?"

"ನಂಗೂ ಗೊತ್ತಿಲ್ಲ ಕಣೇ. ಇಬ್ರೂ ಹುಡುಕಾಣ."

ಹೊರಗೆ ನಾಲ್ಕೂವರೆ ಬಸ್ಸಿನ ಹಾರನ್ ಕೇಳಿಸಿತು. ಮಿಸ್ ಏಳಲಿಲ್ಲ. "ಹೋಗ್ಲಿ, ಇನ್ನೊಂದೈತೆ" ಎಂದು ಮೌಸನ್ನು ಇಂಪನಾಳ ಕೈಗೆ ಕೊಟ್ಟರು. ಕೊನೆಗೂ ಅಜ್ಜಿ ಪಕ್ಕಕ್ಕೆ ಸರಿದಳು. ಕಾಯಿ ನೆಲಕ್ಕೆ ದೊಪ್ಪೆಂದಿತು.

ಸೋಮವಾರ ಮಿಸ್ ಕ್ಲಾಸಿಗೆ ಬಂದವರೇ ಹೇಳಿದರು: "ತಿಪಟೂರಲ್ಲಿ ಎಲ್ರೂ ಅಜ್ಜೀನ ಕಾಪಾಡಕ್ಕೆ ಮುಗಿಬಿದ್ರು. ಯಾರ್ ಹೇಳ್ಕೊಟ್ಟಿದ್ದು ಅಂದ್ರು. ನಮ್ ಇಂಪನಾ ಅಂದೆ."

ಇಂಪನಾ ತಲೆ ತಗ್ಗಿಸಿಕೊಂಡು ನಕ್ಕಳು.

ಮಿಸ್ ಮತ್ತೆ ಲ್ಯಾಪ್‌ಟಾಪ್ ತೆರೆದರು. "ಇದು ಹೊಸಾದು, ಬಸ್ ಗೇಮ್. ಏನು ತಪ್ಪೈತೆ, ನೋಡಿ ಹೇಳಿ."

ಎಲ್ಲರೂ ಲ್ಯಾಪ್‌ಟಾಪಿನ ಬಸ್ಸಿನತ್ತ ಬಗ್ಗಿದರು. ಮಿಸ್ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದರು. ಬೋರ್ಡಿನ ಮೇಲೆ ಲೆಕ್ಕ ಬಿಡಿಸಿ, ಸರಿಯೋ ತಪ್ಪೋ ಗೊತ್ತಿಲ್ಲದೆ ನಿಂತಾಗ ತನಗೂ ಹೀಗೇ ಆಗುತ್ತದಲ್ಲ ಎಂದು ಇಂಪನಾಳಿಗೆ ಅನ್ನಿಸಿತು.

ಅವಳು ಕೈ ಎತ್ತಿದಳು.

"ಬಸ್ಸಿನ ಬಣ್ಣ ತುಂಬ ಚೆನ್ನಾಗೈತೆ ಮಿಸ್. ಆದ್ರೆ... ನಮ್ ನೊಣವಿನಕೆರೆ ಬಸ್ಸಲ್ಲಿ ಇಷ್ಟೊಂದು ಸೀಟು ಖಾಲಿ ಇರಲ್ಲ."