ಅಡ್ಮಿನ್ ಕಾರ್ಡ್ ಎಲ್ಲಿ?

ಡ್ರಾಯರ್ ಖಾಲಿ!

ರೀಚಾರ್ಜ್ ಕೋಣೆಯಿಂದ ಸೂಪರ್‌ವೈಸರ್ ಕೂಗಿದ ಕೂಗಿಗೆ ಹೊರಗೆ ನೆಲ ಒರೆಸುತ್ತಿದ್ದ ಆಯಾ ಬೆಚ್ಚಿ ಬಕೆಟ್ ಉರುಳಿಸಿದಳು. ಬಸ್ ಡಿಪೋದ ಅಡ್ಮಿನ್ ಕಾರ್ಡ್ ಮಾಯವಾಗಿತ್ತು. ಆ ಕೋಣೆಯ ಯಂತ್ರಕ್ಕೆ ಅದೊಂದನ್ನು ತೋರಿಸಿದರೆ ಸಾಕು, ಯಾವ ಪ್ರಯಾಣಿಕನ ಕಾರ್ಡಿಗಾದರೂ ದುಡ್ಡು ತುಂಬಬಹುದು.

ಕೋಣೆಯ ಬೀಗದ ಕೈ ಇದ್ದದ್ದು ಮೂವರ ಬಳಿ—ಸೂಪರ್‌ವೈಸರ್, ಯಂತ್ರ ರಿಪೇರಿಯವನು, ಆಯಾ.

"ನಿನ್ನೆ ಕೊನೆಗೆ ಬೀಗ ಹಾಕಿದ್ದು ಇವಳೇ," ಎಂದ ಸೂಪರ್‌ವೈಸರ್. "ಕೀ ಇಲ್ಲಿಡು. ಇನ್ನು ಈ ಕೋಣೆಗೆ ಕಾಲಿಡಬೇಡ!"

ಆಯಾ ಬೀಗದ ಕೈ ಮೇಜಿನ ಮೇಲಿಟ್ಟಳು. ಹಾಸಿಗೆ ಹಿಡಿದ ಅತ್ತೆಯ ಔಷಧ ನಡೆಯುತ್ತಿದ್ದುದೇ ಈ ಸಂಬಳದಲ್ಲಿ. ಅವಳ ಚೀಲ, ರಿಪೇರಿಯವನ ಡಬ್ಬಿ ಎರಡನ್ನೂ ಸೂಪರ್‌ವೈಸರ್ ತಾನೇ ಜಾಲಾಡಿದ. ಏನೂ ಸಿಗಲಿಲ್ಲ.

ಹತ್ತಕ್ಕೆ ಕೇಂದ್ರ ಕಚೇರಿಯಿಂದ ತನಿಖಾಧಿಕಾರಿ ಬಂದರು. ಮೆಲುದನಿಯ ಹೆಂಗಸು.

"ನಿನ್ನೆ ಇಲ್ಲಿಗೆ ಯಾಕೆ ಬಂದಿದ್ರಿ?"

"ಯಂತ್ರ ಬಿಚ್ಚೋಕೆ ಮೇಡಂ," ಎಂದ ರಿಪೇರಿಯವನು. "ಡ್ರಾಯರ್ ಮುಟ್ಟಿಲ್ಲ. ನನ್ನ ಕೈ ನೋಡಿ, ಗ್ರೀಸು. ಮುಟ್ಟಿದ್ರೆ ಗುರುತು ಉಳೀತಿತ್ತು."

"ನೀವು, ಅಮ್ಮಾ? ಬೀಗ ಹಾಕಿ ಎಲ್ಲಿಗೆ ಹೋದ್ರಿ?"

"ಮನೆಗೆ. ಐದೂವರೆ ಬಸ್ಸಿಗೆ."

"ಬಸ್ಸಲ್ಲಿ ಯಾರಾದ್ರೂ ನೋಡಿದ್ರಾ?"

"ಸಾರೇ ಇದ್ರಲ್ಲ, ನನ್ನ ಮುಂದೆ! ದಿನಾ ಕಾರ್ಡಿರೋ ಪರ್ಸನ್ನ ಬಾಗಿಲ ಯಂತ್ರಕ್ಕೆ ಒತ್ತಿ ಸರ್ರಂತ ಹತ್ತೋರು, ನಿನ್ನೆ ಎಷ್ಟು ಒತ್ತಿದ್ರೂ ಕೆಂಪು ದೀಪ! ಹಿಂದೆ ನಾವೆಲ್ಲ ಬೈತಾ ನಿಂತಿದ್ವಿ. ಕೊನೆಗೆ ಕಾರ್ಡ್ ಹೊರಗೆ ತೆಗೆದು ತೋರಿಸಿದ್ಮೇಲೇ ಹಸಿರಾಗಿದ್ದು."

"ಕಂತೆ ಪುರಾಣ!" ಸೂಪರ್‌ವೈಸರ್ ಸಿಡುಕಿದ. "ಬಸ್ಸಿನ ಯಂತ್ರ ಕೆಟ್ಟಿತ್ತು."

"ಹೌದಾ?" ಅಧಿಕಾರಿ ಫೋನಿನಲ್ಲಿ ಯಾರಿಗೋ ಆ ಐದೂವರೆ ಬಸ್ಸಿನ ನಂಬರ್ ಹೇಳಿದರು. ಕೇಳಿಸಿಕೊಂಡರು. ಇಟ್ಟರು.

"ಕೆಟ್ಟಿರಲಿಲ್ಲ. ನಿಮ್ಮ ಹಿಂದಿನ ಮೂವತ್ತು ಕಾರ್ಡುಗಳನ್ನ ಸರಿಯಾಗೇ ಓದಿದೆ. ಎಲ್ಲಿ, ಈಗ ಮೂವರೂ ನಿಮ್ಮ ಪರ್ಸನ್ನ ಈ ಯಂತ್ರದ ಮೇಲಿಡಿ."

ಆಯಾಳ ಪರ್ಸು—ಹಸಿರು. ರಿಪೇರಿಯವನದು—ಹಸಿರು. ಸೂಪರ್‌ವೈಸರ್ ಪರ್ಸಿನಿಂದ ಕಾರ್ಡ್ ಎಳೆಯತೊಡಗಿದ.

"ಊಹ್ಞೂಂ. ಪರ್ಸ್ ಸಮೇತ."

ಕೆಂಪು. ಮತ್ತೆ ಕೆಂಪು.

"ಕಳುವಾದ ಕಾರ್ಡನ್ನ ಎಲ್ಲಿ ಬಳಸಿದ್ರು ಅಂತಲೇ ನಮ್ಮ ಕಚೇರೀಲಿ ಎಲ್ರೂ ಹುಡುಕ್ತಿದ್ರು," ಎಂದರು ಅಧಿಕಾರಿ. "ಎಲ್ಲೂ ಬಳಸಿರಲಿಲ್ಲ. ಆದ್ರೆ ಒಂದೇ ಪರ್ಸಲ್ಲಿ ಎರಡು ಕಾರ್ಡ್ ಇದ್ರೆ ಎರಡೂ ಒಟ್ಟಿಗೇ ಉತ್ತರ ಕೊಡ್ತವೆ. ಇಬ್ಬರು ಒಟ್ಟಿಗೆ ಮಾತಾಡಿದ ಹಾಗೆ. ಈ ಯಂತ್ರಗಳಿಗೆ ಯಾರ ಮಾತೂ ತಿಳಿಯಲ್ಲ. ಅದಕ್ಕೇ ಕೆಂಪು ದೀಪ. ಮೊನ್ನೆವರೆಗೂ ನಿಮ್ಮ ಪರ್ಸಲ್ಲಿದ್ದದ್ದು ಒಂದೇ ಕಾರ್ಡ್. ನಿನ್ನೆ ಸಂಜೆಗೆ ಎರಡಾದವು. ಈಯಮ್ಮ ಬೀಗ ಹಾಕೋ ಮೊದಲೇ ಡ್ರಾಯರ್ ಖಾಲಿಯಾಗಿತ್ತು. ಆ ಕಾರ್ಡಿಂದ ಕೆಲಸ ಆಗೋದು ಇಲ್ಲಿನ ಯಂತ್ರದಲ್ಲಿ ಮಾತ್ರ, ಹಾಗಾಗಿ ಇವತ್ತು ವಾಪಸ್ ತರಲೇಬೇಕಿತ್ತು. ಎಲ್ರ ಚೀಲ ನೀವೇ ಹುಡುಕಿದ್ರಿ. ನಿಮ್ಮದನ್ನ ಹುಡುಕಿದೋರು ಯಾರು?"

ಸೂಪರ್‌ವೈಸರ್ ಕುರ್ಚಿಗೆ ಕುಸಿದ. ಪರ್ಸಿನೊಳಗೆ, ಮಗಳ ಫೋಟೋದ ಹಿಂದೆ, ಅಡ್ಮಿನ್ ಕಾರ್ಡ್ ತಣ್ಣಗೆ ಕೂತಿತ್ತು.

ಆಯಾ ಮೇಜಿನ ಮೇಲಿದ್ದ ತನ್ನ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಕೆಟ್ಟನ್ನು ಒಳಗೆಳೆದುಕೊಂಡು ಬಂದು, ಕುರ್ಚಿಯ ಮುಂದೆ ಬಗ್ಗಿದಳು.

"ಸ್ವಲ್ಪ ಕಾಲೆತ್ತಿ ಸಾರ್. ಒರೆಸಬೇಕು."