ಹಿಡಿಯುವ ಕೈ

ಡಬ್ಬಿಯ ಮುಚ್ಚಳ ತೆರೆದದ್ದೇ ತಡ, ಕೋಣೆಯಲ್ಲಿದ್ದವರೆಲ್ಲ ಉಸಿರಾಡುವುದನ್ನೇ ಮರೆತರು. ಹತ್ತಿಯ ಮೇಲೆ ನಾಲ್ಕು ಸಿಲಿಕೋನ್ ಬೆರಳುಗಳು ಸಾಲಾಗಿ ಮಲಗಿದ್ದವು. ಎಂಥ ಬೆರಳುಗಳು! ಅಪ್ಸರೆಯರು ಕಂಡಿದ್ದರೆ ನಾಚಿ ತಮ್ಮ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದರು. ಒಂದೊಂದು ಉಗುರಿನಲ್ಲೂ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಅತ್ತೆ ಜಗತ್ತನ್ನೇ ಗೆದ್ದು ತಂದವಳಂತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಸೊಸೆ ಮಾತ್ರ ಅವುಗಳನ್ನೇ ದಿಟ್ಟಿಸುತ್ತ ಕೇಳಿದಳು:

“ಅತ್ತೆ… ಇವು ನಿಮ್ಮ ಮಗಳ ಬೆರಳಲ್ವಾ?”

ಅವಳ ಊಹೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಪುಸ್ತಕ ಕಟ್ಟುವ ಕಾರ್ಖಾನೆಯಲ್ಲಿ ಎಲ್ಲರೂ ಈ ಸೊಸೆಯನ್ನು ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ಅವಳು ಹೊಲಿದ ಪುಸ್ತಕಕ್ಕೆ ಎರಡೂ ಕಡೆ ಆನೆ ಕಟ್ಟಿ ಎಳೆದರೂ ಹಾಳೆ ಹರಿಯಬೇಕೇ ಹೊರತು ಹೊಲಿಗೆ ಬಿಡುತ್ತಿರಲಿಲ್ಲ. ಅಂಥವಳ ಬಲಗೈಯನ್ನು ಕಾಗದ ಕತ್ತರಿಸುವ ಯಂತ್ರ ಕಣ್ಣು ಮಿಟುಕಿಸುವುದರೊಳಗೆ ಬಾಯಿಗೆ ಹಾಕಿಕೊಂಡು, ನಾಲ್ಕು ಬೆರಳು ನುಂಗಿ ಹೆಬ್ಬೆರಳೊಂದನ್ನು ಬಿಟ್ಟಿತ್ತು. ಗಾಯ ಮಾಗಿದ ಮೇಲೆ ಕೃತಕ ಅಂಗ ಮಾಡುವ ತಂತ್ರಜ್ಞ, ಎಡಗೈಯ ಅಚ್ಚು ತೆಗೆದು ಅದನ್ನೇ ಮಗುಚಿ ಬಲಗೈಗೆ ಬೆರಳು ಮಾಡುತ್ತೇನೆ ಎಂದಿದ್ದ. ಅತ್ತೆಗೆ ಅದು ಸರಿಬರಲಿಲ್ಲ. ಅಂಟು ಮೆತ್ತಿ, ಸೂಜಿ ಚುಚ್ಚಿ ಒರಟಾದ ಕೈಯನ್ನೇ ಇನ್ನೊಂದು ಸಲ ಮಾಡಿಸುವುದೇಕೆ, ಹೊಸದು ಮಾಡಿಸುವಾಗ ಚೆಂದದ್ದನ್ನೇ ಮಾಡಿಸಬಾರದೇ ಎಂದು ಯೋಚಿಸಿ, ಸೊಸೆ ಹೊರಗೆ ಕಾಯುತ್ತಿದ್ದಾಗ ತನ್ನ ಮಗಳನ್ನು ಒಳಗೆ ನುಗ್ಗಿಸಿದ್ದಳು. ಹುಟ್ಟಿದಾರಭ್ಯ ಒಂದು ಲೋಟವನ್ನೂ ತೊಳೆಯದ ಆ ಕೈಯೇ ಅಚ್ಚಿಗೆ ಇಳಿದಿತ್ತು. ತಂತ್ರಜ್ಞ ಬೇಡವೆನ್ನಲು ಬಾಯಿ ತೆರೆದದ್ದು ನಿಜ. ಅತ್ತೆಯ ಮಾತಿನ ಪ್ರವಾಹದಲ್ಲಿ ಆ ಬಾಯಿ ಎಲ್ಲಿ ಕೊಚ್ಚಿಹೋಯಿತೋ ಯಾರಿಗೂ ಗೊತ್ತಿಲ್ಲ.

ಬೀದಿಯವರೆಲ್ಲ ಬಂದು ಬೆರಳು ನೋಡಿ ಹೊಗಳಿದರು. ಅತ್ತೆ ಒಂದು ಅಡಿ ಎತ್ತರ ಬೆಳೆದಳು. ಆದರೆ ಸೂಜಿಯಕ್ಕನ ಜೀವವೆಲ್ಲ ಕಾರ್ಖಾನೆಯ ಕಿಟಕಿ ಪಕ್ಕದ ಸ್ಟೂಲಿನಲ್ಲಿತ್ತು. ಮೇಸ್ತ್ರಿ ನಾಲ್ಕು ತಿಂಗಳು ಅದನ್ನು ಖಾಲಿ ಇಟ್ಟಿದ್ದರು. ಈಗ ಎರಡು ಸಾವಿರ ಪುಟದ ನಿಘಂಟಿನ ಕೆಲಸ ಬಂದಿತ್ತು. ಒಂದು ಪ್ರತಿ ಹೊಲಿದು ತೋರಿಸಿದರೆ ಸ್ಟೂಲು ಅವಳದು, ಇಲ್ಲದಿದ್ದರೆ ಬೇರೆಯವರನ್ನು ಕೂರಿಸದೆ ದಾರಿಯಿಲ್ಲ ಎಂದು ಅವರು ತಲೆ ತಗ್ಗಿಸಿಕೊಂಡೇ ಹೇಳಿದರು. ಅವಳು ಚೆಂದದ ಬೆರಳು ತೊಟ್ಟು ಕೂತು ದಾರ ಎಳೆದಳು. ದಾರದ ಜೊತೆ ಬೆರಳುಗಳೂ ಬಂದವು! ನಗಲು ಕೂಡ ಯಾರಿಗೂ ಮನಸ್ಸಾಗಲಿಲ್ಲ… ಮೇಸ್ತ್ರಿ ಗೋಡೆಯ ಕಡೆ ತಿರುಗಿ, ಸೋಮವಾರದವರೆಗೆ ಕಾಯುತ್ತೇನೆ ಎಂದರು.

ಅವಳು ಅಲ್ಲಿಂದ ಸೀದಾ ತಂತ್ರಜ್ಞನ ಬಳಿ ಹೋದಳು. ಬೆರಳಿನ ಬುಡ ಸ್ವಲ್ಪ ಉಳಿದಿದ್ದರೆ ಅದರ ಮಡಿಕೆಯಿಂದಲೇ ಆಡುವ ಲೋಹದ ಬೆರಳು ಕೂರಿಸಬಹುದಿತ್ತು, ಯಂತ್ರ ಅಷ್ಟೂ ಉಳಿಸಿಲ್ಲ ಎಂದ ಅವನು. ಸ್ನಾಯುವಿನ ಮಿಡಿತ ಹಿಡಿದು ತೆರೆದು ಮುಚ್ಚುವ ಬ್ಯಾಟರಿ ಬೆರಳುಗಳಿವೆ. ಆದರೆ ತಿಂಗಳುಗಟ್ಟಲೆ ಕಾಯಬೇಕು, ಕಲಿಯಬೇಕು, ಅಂಟುನೀರು ತಾಗಿಸಬಾರದು. ಕೊನೆಗೆ ಸಂಕೋಚದಿಂದ ಕಪಾಟಿನ ಮೂಲೆಯಿಂದ ಒಂದು ಬಾಗಿದ ಉಕ್ಕಿನ ತುಂಡು ತೆಗೆದ. ಅಂಗೈಗೆ ಪಟ್ಟಿಯಿಂದ ಬಿಗಿಯುವಂಥದ್ದು; ಆಡುವುದಿಲ್ಲ, ಮಡಿಸುವುದಿಲ್ಲ, ಹೆಬ್ಬೆರಳಿಗೆ ಎದುರಾಗಿ ಸೆಟೆದು ನಿಲ್ಲುತ್ತದೆ, ಅಷ್ಟೇ. ಸೂಜಿಯಕ್ಕ ಹೆಬ್ಬೆರಳಿಗೂ ಉಕ್ಕಿಗೂ ನಡುವೆ ಒಂದು ಕಾಗದ ಇಟ್ಟು ಒತ್ತಿದಳು. ತಂತ್ರಜ್ಞ ಎಳೆದ; ಕಾಗದ ಬರಲಿಲ್ಲ. ಅವಳ ಕಣ್ಣಿನಿಂದ ಇಳಿದ ನೀರಿನಲ್ಲಿ ದೋಣಿ ಬಿಡಬಹುದಿತ್ತು. ಉಕ್ಕಿನ ಮೇಲೆ ಸೂಜಿ ಜಾರುವುದೆಂದು ತಿಳಿದು, ಮನೆಗೆ ಬಂದವಳೇ ಪುಸ್ತಕದ ಬೆನ್ನಿಗೆ ಹಾಕುವ ಚರ್ಮದ ಚೂರೊಂದನ್ನು ಅದರ ತುದಿಗೆ ಅಂಟಿಸಿದಳು.

ಸೋಮವಾರ ಬೆಳಿಗ್ಗೆ ಅತ್ತೆ ಬಾಗಿಲಿಗೆ ಅಡ್ಡ ನಿಂತಳು.

“ಸೌಟಿನ ಹಿಡಿ ಕಟ್ಕೊಂಡು ಬೀದೀಲಿ ಹೋಗ್ತೀಯಾ? ನಾಲ್ಕು ಜನ ನೋಡಿದ್ರೆ ನಮ್ಮನೆ ಮಾನ ಏನಾಗಬೇಕು? ಹೊಸ್ತಿಲು ದಾಟಿದ್ರೆ ಮತ್ತೆ ಒಳಗೆ ಬರಬೇಡ.”

“ಅತ್ತೆ, ನಿಮಗೆ ನೋಡೋಕೆ ಕೈ ಬೇಕು… ನನಗೆ ಹಿಡಿಯೋಕೆ ಬೇಕು.”

ಮದುವೆಯಾದ ಎಂಟು ವರ್ಷದಲ್ಲಿ ಗಂಡ ಆಡಿದ ಮಾತುಗಳನ್ನೆಲ್ಲ ಒಂದು ಬಸ್ ಟಿಕೆಟ್ಟಿನ ಹಿಂದೆ ಬರೆಯಬಹುದಿತ್ತು. ಅಂಥವನು ಅಂದು ಎದ್ದು ನಿಂತ. “ಅಮ್ಮ, ಅವಳು ವಾಪಸ್ ಬರ್ತಾಳೆ. ಬಾಗಿಲು ನಾನು ತೆಗೀತೀನಿ.”

ಅತ್ತೆ ಸುಮ್ಮನಿರುವವಳೇ? ಸೋತ ಸೊಸೆಯನ್ನು ದರದರ ಎಳೆದು ತರುತ್ತೇನೆಂದು ಹಿಂದೆಯೇ ಕಾರ್ಖಾನೆಗೆ ಬಂದಳು. ಬಂದವಳು ಬಾಗಿಲಲ್ಲೇ ಕಲ್ಲಾದಳು. ಕಿಟಕಿ ಪಕ್ಕದಲ್ಲಿ ಸೂಜಿಯಕ್ಕ ಹೊಲಿಯುತ್ತಿದ್ದಳು. ಮೊದಲ ಗಂಟೆ ಆಮೆಯ ನಡಿಗೆ. ಎರಡು ಸಲ ಸೂಜಿ ಬಿತ್ತು, ಬಗ್ಗಿ ಎತ್ತಿಕೊಂಡಳು. ಆಮೇಲೆ ನೋಡಬೇಕಿತ್ತು! ಸೂಜಿ ಕಾಣಿಸಲೇ ಇಲ್ಲ, ಮಿಂಚು ಮಾತ್ರ ಕಾಣಿಸಿತು. ಯಂತ್ರಗಳೇ ನಾಚಿ ನಿಂತವು. ಯಾರೋ ಸ್ವಿಚ್ ಆರಿಸಿದ್ದರು ಅಂತಲೂ ಹೇಳುತ್ತಾರೆ, ಅದು ಹೊಟ್ಟೆಕಿಚ್ಚಿನ ಮಾತು.

ಮಧ್ಯಾಹ್ನ ಮೇಸ್ತ್ರಿ ಆ ನಿಘಂಟನ್ನು ಒಂದೇ ಒಂದು ಹಾಳೆ ಹಿಡಿದು ಮೇಲೆತ್ತಿದರು. ಎಮ್ಮೆಕರುವಿನಷ್ಟು ಭಾರದ ಪುಸ್ತಕ ತೂಗಾಡಿತು. ಜಗ್ಗಿದರು, ಕುಲುಕಿದರು. ಒಂದು ಹೊಲಿಗೆಯೂ ಮಿಸುಕಲಿಲ್ಲ. “ಸ್ಟೂಲು ನಿಂದೇ ಕಣಮ್ಮ,” ಅಂದರು, ಕನ್ನಡಕ ಒರೆಸಿಕೊಳ್ಳುತ್ತ.

ಬೆವರು ಒರೆಸಲು ಸೂಜಿಯಕ್ಕ ಪಟ್ಟಿ ಬಿಚ್ಚಿದಳು. ಬರಿಗೈ ಮೇಜಿನ ಮೇಲಿತ್ತು. ಅತ್ತೆ ಮೆಲ್ಲನೆ ಬಂದು ಆ ಮೊಂಡುಗೈಯನ್ನು ತನ್ನೆರಡೂ ಕೈಗಳಲ್ಲಿ ತೆಗೆದುಕೊಂಡಳು.

“ಆಸ್ಪತ್ರೇಲಿ ಕಟ್ಟು ಬಿಚ್ಚಿದ ದಿನ ಕಣ್ಣು ಮುಚ್ಕೊಂಡೆ ಕಣೇ… ಇವತ್ತಿನವರೆಗೂ ತೆಗೆದಿರಲಿಲ್ಲ.”

ಅಷ್ಟು ಹೇಳಿ, ಕೈಯನ್ನು ಮಗುವಿನ ಮುಖದಂತೆ ಒರೆಸಿ, ಉಕ್ಕಿನ ತುಂಡನ್ನು ತಾನೇ ಕೂರಿಸಿ ಪಟ್ಟಿ ಎಳೆದಳು. ಎಷ್ಟು ಬಿಗಿಯಬೇಕೆಂದು ಕೇಳಿದಳು.

“ಇನ್ನೂ ಸ್ವಲ್ಪ ಬಿಗಿಯಾಗಿ, ಅತ್ತೆ,” ಎಂದಳು ಸೂಜಿಯಕ್ಕ. ಆಮೇಲೆ ಮೇಸ್ತ್ರಿಯ ಕಡೆ ತಿರುಗಿ, “ಎಲ್ಲಿ, ಮುಂದಿನದು ಕೊಡಿ.”