ನೆರಿಗೆ ಹಿಡಿದ ಕಳ್ಳಿ

ನರ್ಸರಿಗೆ ಬಂದವರೆಲ್ಲ ಕಳ್ಳಿಯ ಮುಳ್ಳು ಕಂಡೊಡನೆ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದರು. ಒಬ್ಬ ಟೈಲರ್ ಮಾತ್ರ ಒತ್ತಿ ಒತ್ತಿ ನೋಡುತ್ತಿದ್ದ.

“ರೀ, ಅದೇನು ದಿಂಬಾ? ಕೈ ತೆಗೀರಿ!” ಎಂದಳು ನರ್ಸರಿ ನೋಡಿಕೊಳ್ಳುತ್ತಿದ್ದ ಹುಡುಗಿ, ನೀರಿನ ಪೈಪು ಹಿಡಿದಂತೆಯೇ.

ಅವನು ಬೆಚ್ಚಿಬಿದ್ದು ತಿರುಗಿದ. ಆಮೇಲೆ ಕಣ್ಣಲ್ಲೇ ನಕ್ಕ. “ಇದಕ್ಕೆ ನೆರಿಗೆ ಹಿಡಿದೋರು ಯಾರು? ನನ್ನ ಕೈಲಂತೂ ಇಷ್ಟು ನೀಟಾಗಿ ಬರಲ್ಲ.”

ಅವಳಿಗೂ ನಗು ತಡೆಯಲಾಗಲಿಲ್ಲ. ಕುಂಡದಲ್ಲಿದ್ದದ್ದು ಕ್ರೆಸ್ಟೆಡ್ ಕ್ಯಾಕ್ಟಸ್; ಹಸಿರು ಬಟ್ಟೆಯನ್ನು ಮುದುಡಿಟ್ಟ ಹಾಗಿತ್ತು.

“ಯಾರೂ ಹಿಡಿದಿಲ್ಲ. ಕಳ್ಳಿ ಒಂದೇ ತುದಿಯಿಂದ ಬೆಳೀಬೇಕು. ಇದರ ತುದಿ ಕೆಟ್ಟು ಗೆರೆ ಥರ ಅಗಲ ಆಗಿದೆ. ಜಾಗ ಸಾಲದೆ ಮಡಚಿಕೊಂಡಿದೆ.”

“ಅಂದ್ರೆ ಕಾಯಿಲೆನಾ?”

ಅವನ ನಗು ಥಟ್ಟನೆ ಆರಿಹೋಗಿತ್ತು.

“ಅಯ್ಯೋ, ಹೀಗೇ ಚೆನ್ನಾಗಿ ಬದುಕುತ್ತೆ. ಜನ ಇದನ್ನೇ ಹುಡುಕಿಕೊಂಡು ಬರ್ತಾರೆ.”

ಅಂದಿನಿಂದ ಅವನು ಆಗಾಗ ಬರತೊಡಗಿದ. “ಬಂದ ನೋಡು, ಅಳತೆ ತಗೊಳ್ಳೋಕೆ,” ಎಂದು ಅವಳ ಅಕ್ಕ ಚುಡಾಯಿಸುತ್ತಿದ್ದಳು. ಅವನು ಗಿಡದ ಮರೆಯಿಂದ ಇವಳನ್ನು ನೋಡುವುದು, ಇವಳು ನೋಡಿದರೆ ಕುಂಡದ ಮಣ್ಣನ್ನು ಪರೀಕ್ಷಿಸುವುದು ನಡೆದೇ ಇತ್ತು. ಆದರೆ ಪ್ರತಿ ಸಲವೂ ಅವನು ಮುಳ್ಳು ಮುಟ್ಟುತ್ತಿದ್ದ. ಮೊದಮೊದಲು ಕಿರುಬೆರಳಿನಿಂದ, ಬರಬರುತ್ತಾ ಬೇರೆ ಬೆರಳುಗಳಿಂದ. ತನ್ನನ್ನು ಮಾತಾಡಿಸಲು ಅದೊಂದು ನೆಪ ಎಂದುಕೊಂಡು ಅವಳು ಒಳಗೊಳಗೇ ಅರಳಿದ್ದಳು.

ಒಂದು ಮಧ್ಯಾಹ್ನ ಕಸಿ ಕಟ್ಟುತ್ತಿದ್ದಾಗ ಅವನನ್ನೇ ಕರೆದಳು. “ಸ್ವಲ್ಪ ಹಿಡ್ಕೊಳ್ಳಿ, ಅಲುಗಾಡಿಸಬೇಡಿ.” ನೇರವಾದ ಕಳ್ಳಿಯ ತಲೆ ಕೊಯ್ದು, ಅದರ ಮೇಲೆ ನೆರಿಗೆಯ ತುಂಡನ್ನು ಕೂರಿಸಿದಳು. ಇಬ್ಬರ ಉಸಿರೂ ತಾಕುವಷ್ಟು ಹತ್ತಿರ. ಅವನೇನೋ ತಮಾಷೆ ಹೇಳುತ್ತಿದ್ದ. ಅವಳು ನಗುತ್ತಾ ರಬ್ಬರ್ ಬ್ಯಾಂಡ್ ಎಳೆದಳು.

ಬಿಳಿಯ ತಿರುಳಿನ ಮೇಲೆ ಕೆಂಪು ಹರಿಯಿತು.

ಉದ್ದನೆಯ ಮುಳ್ಳೊಂದು ಅವನ ಉಗುರಿನ ಸಂದಿಗೆ ಪೂರ್ತಿ ಇಳಿದಿತ್ತು. ಅವನಿನ್ನೂ ಮಾತಾಡುತ್ತಲೇ ಇದ್ದ.

ಅವಳು ಚಿಮಟದಿಂದ ಮುಳ್ಳು ಕಿತ್ತಳು. ಅವನ ಹುಬ್ಬು ಕೂಡ ಅಲುಗಲಿಲ್ಲ. ರಕ್ತ ಕಂಡ ಮೇಲಷ್ಟೇ ಅವನ ಮಾತು ನಿಂತಿತು.

“ಅಪ್ಪಂಗೂ ಹೀಗೇ ಶುರುವಾಗಿದ್ದು,” ಎಂದ. “ಮೊದಲು ಬೆರಳು, ಆಮೇಲೆ ಕೈ. ಕೊನೆಗೆ ಹಾಸಿಗೆ. ಯಾವ ಬೆರಳಿಗೆ ಇನ್ನೂ ಜೀವ ಇದೆ ಅಂತ ನೋಡೋಕೇ ಇಲ್ಲಿಗೆ ಬರ್ತಿದ್ದೆ.”

“ಅದಕ್ಕೆ ಮಾತ್ರಾನಾ?”

ಅವನು ಬೆರಳಿಗೆ ಕರವಸ್ತ್ರ ಸುತ್ತಿಕೊಂಡು ಹೊರಟುಹೋದ. ಮತ್ತೆ ಬರಲಿಲ್ಲ.

ಕಾದೂ ಕಾದೂ ಸಾಕಾಗಿ ಅವಳೇ ಅವನ ಅಂಗಡಿಗೆ ಹೋದಳು. ಮಿಷನ್ ಮೇಲೆ ಬಟ್ಟೆ ಹೊದಿಸಿತ್ತು. ಕತ್ತರಿ ನೆಲದ ಮೇಲೆ ಬಿದ್ದಿತ್ತು, ಅದನ್ನು ಎತ್ತಿಟ್ಟಿರಲಿಲ್ಲ. ಅವನು ಕಿಟಕಿಯ ಪಕ್ಕ ಸುಮ್ಮನೆ ಕೂತಿದ್ದ.

“ಹೋಗಿಬಿಡಿ. ನನ್ನ ಜೊತೆ ನಿಮ್ಮ ಬದುಕೂ ಹಾಳಾಗುತ್ತೆ.”

“ಆಸ್ಪತ್ರೆಗೆ ಹೋಗಿದ್ಯಾ?”

“ಹೋಗಿದ್ದೆ. ಅಪ್ಪನ ಕಾಯಿಲೇನೇ. ನಿಲ್ಲಿಸೋಕಾಗಲ್ಲವಂತೆ.” ಅವಳು ಏಕವಚನಕ್ಕೆ ಇಳಿದದ್ದನ್ನು ಅವನು ತಡವಾಗಿ ಗಮನಿಸಿ ತಲೆಯೆತ್ತಿದ.

“ಕಣ್ಣು ಮುಚ್ಚು.”

“ಯಾಕೆ?”

“ಮುಚ್ಚು ಅಂದೆ.”

ಅವನ ಅಂಗೈ ಒತ್ತಿದಳು. “ಇಲ್ಲಿ ಗೊತ್ತಾಗುತ್ತಾ?”

“ಏನು? ಮುಟ್ಟಿದ್ಯಾ?”

ಮಣಿಕಟ್ಟಿಗೆ ಬಂದಳು. ಇಲ್ಲ. ಅಲ್ಲಿಂದ ಮೇಲಕ್ಕೆ. ಇಲ್ಲ. ಕಾಯಿಲೆ ಇಷ್ಟು ದೂರ ಬಂದಿರಬಹುದೆಂದು ಅವಳು ಎಣಿಸಿರಲಿಲ್ಲ. ಮೊಣಕೈ ದಾಟಿದ ಮೇಲೆ ಅವನು ಚುರುಕಾಗಿ ಉಸಿರೆಳೆದುಕೊಂಡ.

“ನಿನ್ನ ಕೈ ಎಷ್ಟು ತಣ್ಣಗಿದೆ ಕಣೇ!”

ಅವಳು ಕೈ ತೆಗೆಯಲಿಲ್ಲ.

“ಇರಲಿ ಬಿಡು,” ಎಂದಳು. “ಬೆಚ್ಚಗಾಗೋವರೆಗೂ ಇಲ್ಲೇ ಇಟ್ಟಿರ್ತೀನಿ.”